ಒಳಗೆರೆಯ ಮಾವ

ಬೈಲಹೊಂಗಲದ ಗೌರೀಶ ಅಂದು ಬೆಳಿಗ್ಗೆ ಭೀಷ್ಮಪ್ರತಿಜ್ಞೆಯನ್ನೇ ಮಾಡಿಬಿಟ್ಟ: "ಸಂಜೀಕ ಅತ್ತಿ ಬರೂದ್ರಾಗ ಮಾವನವರ ದನಿ ಸ್ವಚ್ಛ ಮಾಡಿ ಕೇಳಸ್ತೇನಿ!"

ಮಾವ ನಾಟಕ ಕಂಪನಿಯ ನಟ, ರಾಕ್ಷಸ ಪಾತ್ರಕ್ಕೆ ಹೆಸರಾದವರು. ಮಗಳು ರೇಣು, ಅಂದರೆ ಗೌರೀಶನ ಹೆಂಡತಿ, ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಿದ್ದರು. ಅವರ ದನಿ ಉಳಿದಿದ್ದು ಕಂಪನಿಯ ಒಂದೇ ಒಂದು ಗ್ರಾಮಫೋನ್ ಪ್ಲೇಟಿನಲ್ಲಿ, ಅದೂ ಕಟ್ಟಕಡೆಯ ಹಾಡಿನಲ್ಲಿ. ಅದನ್ನು ಕೇಳಲೆಂದೇ ಅತ್ತೆ ಕೆಂಪವ್ವ ಮನೋಳಿಯಿಂದ ಬರುವವರಿದ್ದರು. ಆದರೆ ಪ್ಲೇಟು ಕೈಗೆ ಸಿಕ್ಕ ಕೂಡಲೇ, ರೇಣು ಮನೆಯಲ್ಲಿಲ್ಲದಾಗ, ಗೌರೀಶ ಹಾಕಿ ನೋಡಿದರೆ ಮೊದಲ ಹಾಡುಗಳೆಲ್ಲ ಖಣಖಣ, ಮಾವನದು ಮಾತ್ರ ಗೊರಗೊರ!

ಮೊಬೈಲಿನಲ್ಲಿ ಪ್ಲೇಟುಶಾಸ್ತ್ರವನ್ನು ಅರೆದು ಕುಡಿದ ಗೌರೀಶ, ರೇಣು ಬಡಿಯುತ್ತಿದ್ದ ರೊಟ್ಟಿಯ ಮೇಲೆಯೇ ಬೆರಳಿಟ್ಟು ಪಾಠ ಶುರುಮಾಡಿದ.

"ನೋಡಿಲ್ಲೆ, ಅಂಚಿನ ಸುತ್ತು ದೊಡ್ಡದು. ಹಾಡಿಗೆ ಕೈಕಾಲು ಚಾಚಾಕ ಜಾಗಾ ಐತಿ. ಕಡೀ ಹಾಡು ಬರೂದು ನಡುವ. ಅಲ್ಲಿ ಸುತ್ತು ಸಣ್ಣದು, ಅಷ್ಟೂ ಹಾಡು ಇಕ್ಕಟ್ಟಿನ್ಯಾಗ ತುರುಕಬೇಕು. ಅದಕ್ಕ ಮಾವನವರ ದನಿ ಒಡದೈತಿ!"

"ರೊಟ್ಟಿ ಹರದೀತು, ಬೆರಳು ತಗೀರಿ. ಜಾಗಾ ಸಣ್ಣದಾದ್ರ ನೀವೇನು ಹಿಗ್ಗಸ್ತೀರೇನು?"

"ಧೂಳರ ತಗೀತೇನಲ್ಲಾ!"

ಸಾಬೂನು ಹಚ್ಚಿ ಪ್ಲೇಟಿಗೆ ಅಭ್ಯಂಜನವಾಯಿತು. ಮಾಳಿಗೆಯ ಮೇಲೆ, ರೇಣು ಹಾಕಿದ್ದ ಸಂಡಿಗೆಯ ಪಕ್ಕದಲ್ಲೇ ಅದನ್ನು ಒಣಹಾಕಿ, ಗೌರೀಶ ಉಂಡು ಮಲಗಿದ. ಏಪ್ರಿಲ್ ಬಿಸಿಲಿಗೆ ಸಂಡಿಗೆಯೂ ಒಣಗಿತು, ಪ್ಲೇಟಿನ ಅಂಚೂ ಕರಿದ ಹಪ್ಪಳದಂತೆ ಎದ್ದು ನಿಂತಿತು!

"ನಮ್ಮಪ್ಪಾರ ದನಿ ನಾ ಒಮ್ಮಿನೂ ಕೇಳಿಲ್ಲ. ಅದನ್ನೂ ಒಣಗಿಸಿಬಿಟ್ರಿ!" ರೇಣುವಿನ ಕಣ್ಣು ತುಂಬಿತು. ಗೌರೀಶನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಕೆಂಪವ್ವ ಬಂದೇಬಿಟ್ಟರು. ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ಪ್ಲೇಯರಿನ ಎದುರು ಕುಳಿತರು. ಗೌರೀಶ ಅಂಚಿಗೆ ಮುಳ್ಳಿಟ್ಟ. ಅದು ಚಂಗನೆ ಹಾರಿ ಹೊರಬಿತ್ತು. ಎಲ್ಲ ದೇವರನ್ನೂ ನೆನೆದು ನಡುವಿಗೆ ಇಟ್ಟ. ಅಲ್ಲಿ ಪ್ಲೇಟು ಇನ್ನೂ ಸಪಾಟಾಗಿಯೇ ಇತ್ತು! ಮಾವನ ಹಾಡು ಶುರುವಾಯಿತು. ಅದೇ ಗೊರಗೊರ.

"ತಪ್ಪಾತ್ರಿ ಅತ್ತಿ," ಗೌರೀಶ ಕೈಮುಗಿದ. "ದನಿ ಒಡದು ಬರಾಕ್ಹತ್ತೈತಿ. ಒಳಗಿನ ಗೆರಿ ನೋಡ್ರಿ, ಜಾಗಾ ಇಕ್ಕಟ್ಟು..."

"ಸುಮ್ನ ಕುಂಡರ್ರಿ ಅಳಿಯಾರ!" ಕೆಂಪವ್ವ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. "ಅವರ ದನೀನ ಹಂಗ. ನನ್ನ ನೋಡಾಕ ಬಂದಾಗ ನಮ್ಮವ್ವ ನೆಗಡಿ ಅಂತ ತಿಳದು ಕಷಾಯ ಕುಡಿಸಿದ್ಲು. ಆ ನೆಗಡಿ ಕಡೀತನಕ ಇಳೀಲಿಲ್ಲ! ಇನ್ನೊಮ್ಮಿ ಹಚ್ಚರಿ, ರೇಣೂನೂ ಕೇಳ್ಲಿ."