ಸಾವ್ಕಾರ್ರ ಲಾರಿಯ ಎರಡನೇ ಬ್ಯಾಟರಿ

ಆದೋನಿಯಲ್ಲಿ ಗಾಡಿಗಳ ವೈರಿಂಗ್ ಮಾಡಿಕೊಂಡು ಕೂತವನ ಮುಂದೆ ಜನ ಬ್ಯಾಟರಿ ತಂದಿಡುತ್ತಾರೆ, ಅದರ ಹಿಂದೆಯೇ ಮನೆಯ ಸಮಾಚಾರವೂ ಬರುತ್ತದೆ. ಇದು ಒಬ್ಬ ಹತ್ತಿ ಸಾವ್ಕಾರ್ರದು. ಅವರ ಹೆಂಡತಿಗೆ ಕಾಶಿ ನೋಡುವ ಆಸೆ. ಸೊಂಟನೋವು, ರೈಲಿನಲ್ಲಿ ಕೂರಲಾಗದು. ಅದಕ್ಕೇ ಸಾವ್ಕಾರ್ರು ತಮ್ಮ ಸಣ್ಣ ಲಾರಿಯೊಳಗೆ ಮಂಚ, ಫ್ಯಾನು, ಫ್ರಿಜ್ಜು ಕೂಡಿಸಿದರು. ಅವಕ್ಕೆಲ್ಲ ಹಿಂದೆ ಇನ್ನೊಂದು ಬ್ಯಾಟರಿ. ಲಾರಿ ಓಡುವಾಗ ಅದರ ಡೈನಮೋದಿಂದಲೇ ಅದೂ ಚಾರ್ಜ್ ಆಗಬೇಕು. ಆ ಕೆಲಸ ನನಗೆ ಬಂತು.

೧. ಬ್ಯಾರೆ

ಎರಡರ ನಡುವೆ ರಿಲೇ ಅನ್ನುವ ಸ್ವಿಚ್ಚು ಹಾಕೋಣ, ಇಂಜಿನ್ ನಿಂತ ಕೂಡಲೇ ಎರಡು ಬ್ಯಾಟರಿಗಳನ್ನೂ ಬೇರೆ ಮಾಡುತ್ತದೆ ಅಂದೆ. ಒಂದೇ ಲಾರಿಯಲ್ಲಿ ಬೇರೆ ಯಾಕೆ, ನೇರ ಕೂಡಿಸು ಅಂದರು ಸಾವ್ಕಾರ್ರು. ಕೂಡಿಸಿದೆ. ಲಾರಿ ನಿಲ್ಲಿಸಿಕೊಂಡು ಇಡೀ ದಿನ ಫ್ಯಾನು, ಫ್ರಿಜ್ಜು ಓಡಿಸಿ ನೋಡಿದರು. ಸಂಜೆಗೆ ಎರಡೂ ಬ್ಯಾಟರಿ ಖಾಲಿ, ಲಾರಿ ಸ್ಟಾರ್ಟೇ ಆಗಲಿಲ್ಲ.

ನಾನು ರಿಲೇ ಹಿಡಿದು ಹೋದಾಗ ಸಾವ್ಕಾರ್ರ ಹೆಂಡತಿ, ಅಮ್ಮನವರೇ ಹೇಳಿದರು: "ಬ್ಯಾರೆ ಮಾಡಿಬಿಡಪ್ಪ. ಇವರ ತಮ್ಮ ಬ್ಯಾರೆ ಆದಮ್ಯಾಲೇ ಎರಡೂ ಮನ್ಯಾಗ ದೀಪ ಹತ್ಯಾವು."

೨. ಬುತ್ತಿ

ರಿಲೇ ಹಾಕಿ, ಲಾರಿಯ ಬ್ಯಾಟರಿ ಚಾರ್ಜ್ ಮಾಡಿಕೊಟ್ಟೆ. ಹಿಂದಿನದು ಇಂಜಿನ್ ಓಡಿದರೆ ಚಾರ್ಜ್ ಆಗುತ್ತದೆ ಅಂದಿದ್ದೆನಲ್ಲ, ಮರುದಿನ ಬೆಳಿಗ್ಗೆ ಸಾವ್ಕಾರ್ರು ಮನೆ ಮುಂದೆ ಲಾರಿ ಸ್ಟಾರ್ಟ್ ಮಾಡಿ ಹಾಗೇ ಬಿಟ್ಟರು. ಹೊರಟೇಬಿಟ್ಟರು ಅಂದುಕೊಂಡ ಓಣಿಯವರು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದರು. ಪಕ್ಕದ ಮನೆಯ ಆಚಾರ್ರು ಗಂಗಾಜಲಕ್ಕೆ ತಂಬಿಗೆಯನ್ನೇ ಕೊಟ್ಟರು. ಹೊಂಟಿಲ್ಲ ಅನ್ನಲು ಇವರಿಗೆ ನಾಚಿಕೆ. ಎಲ್ಲರಿಗೂ ಕೈಮುಗಿದು ಹೊರಟು, ಊರಾಚೆ ಪೆದ್ದಹರಿವಾಣದ ಹತ್ತಿರ ಬೇವಿನ ಮರದ ಕೆಳಗೆ ಕೂತು ಬುತ್ತಿ ಮುಗಿಸಿ, ಹಿಂದಿನ ಓಣಿಯಿಂದ ಮನೆ ಸೇರಿದರು.

ನಿಂತಲ್ಲೇ ಚಾರ್ಜ್ ಕಡಿಮೆ, ರಸ್ತೆಯಲ್ಲಿ ಓಡಬೇಕು ಅಂತ ಆಮೇಲೆ ತಿಳಿಸಿ ಹೇಳಿದೆ. ಹೇಳಬಾರದಿತ್ತು.

೩. ಫೋನು

ಕಡೆಗೂ ಹೊರಟರು. ಕೆಲವು ದಿನ ಬಿಟ್ಟು ಅಮ್ಮನವರ ಫೋನು. ಫ್ಯಾನು, ಫ್ರಿಜ್ಜು ಎಲ್ಲ ಸರಿಯಾಗಿವೆಯಂತೆ. ಮತ್ತೇನಮ್ಮ ಅಂದೆ.

"ಇವರು ಗಾಡಿ ನಿಲ್ಲಿಸವಲ್ರಪ್ಪ. ಬ್ಯಾಟರಿ ತುಂಬೋತನಕ ನಿಲ್ಲಿಸಂಗಿಲ್ಲ ಅಂತಾರ. ಗಂಗಾನದೀನ ಕಿಟಕ್ಯಾಗಿಂದಷ್ಟ ನೋಡೀನಿ. ನೀನರ ಹೇಳು."

ಸಾವ್ಕಾರ್ರಿಗೆ ಫೋನು ಕೊಡಿಸಿ, ಬ್ಯಾಟರಿಗೆ ಹಾಕಿದ್ದ ಮೀಟರ್ ಓದಿಸಿದೆ. ಬ್ಯಾಟರಿ ಆಗಲೇ ತುಂಬಿತ್ತು. ಈಗ ಎಲ್ಲಿದ್ದೀರಿ ಅಂದೆ. ಯಾರನ್ನೋ ಕೇಳಿ, ಗಯಾ ಅಂತೆ ಅಂದರು. ಕಾಶಿ ಹಿಂದೆ ಉಳಿದು ಎಷ್ಟೋ ಹೊತ್ತಾಗಿತ್ತು. ಅಮ್ಮನವರಿಗೆ ದರ್ಶನ ಆಗಿಲ್ಲ, ದಯವಿಟ್ಟು ಲಾರಿ ತಿರುಗಿಸ್ರಿ ಅಂದೆ.

ಸಾವ್ಕಾರ್ರಿಗೆ ಸ್ವಲ್ಪವೂ ಬೇಜಾರಾಗಲಿಲ್ಲ. "ಸರೇ, ತಿರುಗಿಸ್ತೀನಿ," ಅಂದರು. "ಅಲ್ಲೀತನ ಹೋದ್ರ ಇನ್ನೊಂದೀಟು ಚಾರ್ಜ್ ಆಕ್ಕೈತಿ."