ಅಡಿಗೆ ನಂಜುಂಡಯ್ಯನವರ ಒಲೆ ಮತ್ತು ನನ್ನ ಮ್ಯೂಸಿಯಂ

ಕೊರಟಗೆರೆಗೆ ಒಂದು ಮ್ಯೂಸಿಯಂ ಬೇಕೆಂಬ ಮಹಾ ವಿಚಾರ ಹೊಳೆದದ್ದು ನನ್ನ ತಲೆಗೇ. ಆಗ ನಾನು ಮಿಡ್ಲ್ ಸ್ಕೂಲ್ ಮೇಷ್ಟ್ರು, ಊರ ಸಂಘಕ್ಕೆ ಕಾರ್ಯದರ್ಶಿ. ಮಧುಗಿರಿಯಿಂದ ಪಾವಗಡದವರೆಗೆ ಯಾರ ಮನೆ ಮದುವೆಗಾದರೂ ನಮ್ಮೂರ ನಂಜುಂಡಯ್ಯನವರದೇ ಅಡಿಗೆ. ಬೇಕಾದರೆ ಮುಹೂರ್ತ ಮುಂದಕ್ಕೆ ಹಾಕುತ್ತಿದ್ದರು, ಅವರ ಹುಳಿ ಮಾತ್ರ ಬಿಡುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ, ಅವರ ಮನೆಯ ಅಡಿಗೆಮನೆಯನ್ನು ಇದ್ದ ಹಾಗೇ ಕಾಪಾಡತಕ್ಕದ್ದೆಂದು ಸಂಘದಲ್ಲಿ ಠರಾವು ಮಾಡಿಸಿದೆ.

ಅವರ ಹೆಂಡತಿ ಪಾರ್ವತಮ್ಮನವರು ಒಪ್ಪಿದರು. "ಅವರ ಹೆಸರು ಉಳಿಯುತ್ತೆ, ಮಾಡಿ ಮೇಷ್ಟ್ರೇ. ಆದ್ರೆ ನಾನೆಲ್ಲಿ ಬೇಯಿಸ್ಕೊಳ್ಳಲಿ?"

ಇದನ್ನು ನಾನು ಯೋಚಿಸಿರಲಿಲ್ಲ. "ನಮ್ಮನೇಲಿ ಮಾಡ್ಕೊಳ್ಳಿ, ಅದಕ್ಕೇನಂತೆ" ಅಂದುಬಿಟ್ಟೆ. ನನ್ನ ಹೆಂಡತಿ ಸೀತೆಯನ್ನು ಒಂದು ಮಾತು ಕೇಳಬೇಕೆಂಬುದು ಈ ಮಹಾ ತಲೆಗೆ ಹೊಳೆಯಲಿಲ್ಲ.

ಮಾರನೆಯ ಬೆಳಿಗ್ಗೆ ಪಾರ್ವತಮ್ಮ ಒದ್ದೆ ಸೀರೆಯಲ್ಲಿ ಬಂದು ನಮ್ಮ ಒಲೆ ಹಿಡಿದರು. "ಮಡೀಲಿದ್ದೀನಿ, ನನ್ನದಾಗೋವರೆಗೂ ಯಾರೂ ಒಳಗೆ ಬರಬೇಡಿ."

ಒಬ್ಬರದೇ ಅಡಿಗೆ, ಆದರೆ ಮದುವೆಮನೆಯಷ್ಟು ಹೊತ್ತು. ಅದು ಮುಗಿಯುವಷ್ಟರಲ್ಲಿ ಸ್ಕೂಲಿನ ಗಂಟೆ ಹೊಡೆದಿತ್ತು. ಕಾಫಿ ಇಲ್ಲ, ಊಟ ಇಲ್ಲ. ವಾರವೆಲ್ಲ ಇದೇ ಪಾಡು. ಕ್ಲಾಸಿನಲ್ಲಿ ನನ್ನ ಹೊಟ್ಟೆ ನನಗಿಂತ ಜೋರಾಗಿ ಪಾಠ ಮಾಡುತ್ತಿತ್ತು.

"ಉದ್ಘಾಟನೆ ಒಂದಾಗ್ಲಿ, ಏನಾದರೂ ದಾರಿ ಮಾಡ್ತೀನಿ" ಅಂದೆ.

"ನೀವು ಮಾಡಿದ್ದು ಸಾಕು. ನಾನೇ ನೋಡ್ಕೋತೀನಿ" ಅಂದಳು ಸೀತೆ.

ಉದ್ಘಾಟನೆಗೆ ಅಮಲ್ದಾರರು ಬಂದರು. ಓಲಗವಾಯಿತು, ನನ್ನ ಭಾಷಣವಾಯಿತು. "ಈ ಪವಿತ್ರವಾದ ಒಲೆ ಇನ್ನೆಂದಿಗೂ ಉರಿಯಲಾರದು" ಎಂದು ಗದ್ಗದ ಕಂಠದಿಂದ ಹೇಳಿ ಅಡಿಗೆಮನೆಯ ಬಾಗಿಲು ತಳ್ಳಿದೆ.

ಒಗ್ಗರಣೆ ಘಾಟು ಮುಖಕ್ಕೆ ಬಡಿಯಿತು!

ಒಳಗೆ ಸೀತೆ ಸೆರಗು ಸಿಕ್ಕಿಸಿಕೊಂಡು, ನಂಜುಂಡಯ್ಯನವರ ಬಾಣಲೆಯಲ್ಲಿ ಉಪ್ಪಿಟ್ಟು ತಿರುವುತ್ತಿದ್ದಾಳೆ. ಹಿತ್ತಿಲ ಬಾಗಿಲು ತೆಗೆದುಕೊಟ್ಟವರು ಪಾರ್ವತಮ್ಮನೇ. "ಅವಳ ಒಲೆ ನಾನು ತಗೊಂಡೆ. ಪಾಪ, ಅವಳೆಲ್ಲಿಗೆ ಹೋಗ್ತಾಳೆ?" ಎಂದು ನನ್ನನ್ನೇ ಕೇಳಿದರು.

ನನ್ನ ಮಾನ ಊರೆದುರು ಹೋಯಿತು ಅಂದುಕೊಂಡೆ. ಅಮಲ್ದಾರರು ಮಾತ್ರ ಮೂಗರಳಿಸಿಕೊಂಡು ಒಳಗೆ ಹೋಗಿ ಮಣೆ ಮೇಲೆ ಕೂತೇಬಿಟ್ಟರು. ಮತ್ತೆ ಮತ್ತೆ ಬಡಿಸಿಕೊಂಡರು.

"ಮೈಸೂರಲ್ಲೂ ಇಂಥಾ ಮ್ಯೂಸಿಯಂ ನೋಡಿಲ್ಲಮ್ಮ" ಅಂದರು. "ಎಲ್ಲಿ ನಿಮ್ಮ ಕಾರ್ಯದರ್ಶಿಗಳು? ಒಂದು ಹಾರ ಹಾಕೋಣ, ಕರೀರಿ."

ಸೀತೆ ಬಾಣಲೆಯಿಂದ ತಲೆ ಎತ್ತಲಿಲ್ಲ. "ನಿಮ್ಮ ಹಿಂದೇನೇ ಎಲೆ ಹಿಡ್ಕೊಂಡು ನಿಂತಿದ್ದಾರೆ ನೋಡಿ."