ಸಾಹುಕಾರರ ಕಾರಿಗೆ ಹತ್ತು ಲೀಟರ್

ಮನವಿ ಪತ್ರ ಹಿಡಿದು ಕಚೇರಿ ಕಚೇರಿ ತಿರುಗುವವನ ಬದುಕಿನಲ್ಲಿ ನಗೆಗೆ ಕೊರತೆಯಿಲ್ಲ. ಆದರೆ ನಗುವವರು ಯಾವಾಗಲೂ ಮೇಜಿನ ಆಚೆ ಕೂತವರು. ಈ ಸಲ ಈಚೆ ನಿಂತ ನಮಗೂ ಸ್ವಲ್ಪ ಸಿಕ್ಕಿತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರಿನಿಂದ ಹಡಗಲಿಗೆ ಎಂಟು ಕಿಲೋಮೀಟರ್. ನಸುಕಿನಲ್ಲಿ ಬಿಡಿಸಿದ ಮಲ್ಲಿಗೆ ಮೊಗ್ಗು ಅಲ್ಲಿಂದ ಹೊರಡುವ ಮೊದಲ ಬಸ್ಸಿಗೆ ಮುಟ್ಟಬೇಕು. ತಪ್ಪಿದರೆ ಬುಟ್ಟಿಯಲ್ಲೇ ಅರಳುತ್ತದೆ, ಅರಳಿದ ಹೂವನ್ನು ಅರ್ಧ ಬೆಲೆಗೂ ಕೇಳುವವರಿಲ್ಲ. ಬುಟ್ಟಿಗಳನ್ನು ಒಯ್ಯುವುದು ನಮ್ಮ ಓಣಿಯ ಅಕ್ಕನ ಆಟೊ. ರಸ್ತೆಯ ಗುಂಡಿಗಳಿಂದಾಗಿ ಅವಳು ವಾರಕ್ಕೆ ಮೂರು ದಿನ ಬಸ್ಸಿನ ಬೆನ್ನು ನೋಡಿ ವಾಪಸು ಬರುತ್ತಿದ್ದಳು. ಆ ರಸ್ತೆ ಹಾಕಿದ ಗುತ್ತಿಗೆದಾರರು ಹಡಗಲಿಯ ಒಬ್ಬ ಸಾಹುಕಾರರು. ರಸ್ತೆ ಎರಡು ಮಳೆಗಾಲ ತಡೆಯಲಿಲ್ಲ. ಅವರ ಮನೆ ಮಾತ್ರ ಮೂರು ಅಂತಸ್ತು ಏರಿತು.

೧. ಲಾರಿ ಮೇಲೆ ಬಂದ ಕಾರು

ಸಾಹುಕಾರರು ಹೊರದೇಶದ ಕಾರು ತರಿಸಿದರು. ಗಂಟೆಗೆ ಮುನ್ನೂರು ಕಿಲೋಮೀಟರ್ ಓಡುತ್ತದಂತೆ. ಹಡಗಲಿಗೆ ಬಂದದ್ದು ಲಾರಿಯ ಮೇಲೆ, ಏಕೆಂದರೆ ಅದರ ಹೊಟ್ಟೆ ನೆಲದಿಂದ ಒಂದು ಗೇಣೂ ಮೇಲಿಲ್ಲ. ನೋಡಲು ಬಸ್ ನಿಲ್ದಾಣವೇ ನೆರೆಯಿತು. ಅಕ್ಕ ಮುಂದೆ ನುಗ್ಗಿ ಕಾರಿನ ಡ್ರೈವರನ್ನು ಕೇಳಿದಳು: "ಲೀಟರಿಗೆ ಎಷ್ಟು ಕೊಡತೈತಪ?"

"ಮೂರು ಕಿಲೋಮೀಟರ್ರಿ," ಎಂದು ಅವನು ತಲೆ ತಗ್ಗಿಸಿದ.

ಅಕ್ಕನಿಗೆ ನಿಜಕ್ಕೂ ಮರುಕವಾಯಿತು. "ಸಾಹುಕಾರ್ರಿಗೆ ಯಾರೋ ಮೋಸ ಮಾಡ್ಯಾರ. ನಮ್ಮೂರಿಗೆ ತಗೊಂಬಾ, ಒಬ್ಬ ಮೇಸ್ತ್ರಿ ಅದಾನ. ಕಾರ್ಬೊರೇಟರ್ ತೊಳದುಕೊಡ್ತಾನ."

೨. ಗೇಟಿನ ತನಕ

ಎಂಟೇ ದಿನದಲ್ಲಿ ಸಾಹುಕಾರರ ಗೇಟಿನಿಂದ ಹೆದ್ದಾರಿಯ ತನಕ ಡಾಂಬರು ಬಿತ್ತು. ಅಡ್ಡವಿದ್ದ ಎರಡು ರಸ್ತೆ ಉಬ್ಬುಗಳನ್ನೂ ಕಿತ್ತರು. ನಾನು ಸಿಟ್ಟಿನಿಂದ ಲೋಕೋಪಯೋಗಿ ಕಚೇರಿಯ ಇಂಜಿನಿಯರರ ಕೋಣೆಗೆ ನುಗ್ಗಿದೆ.

"ನನ್ನವು ಹನ್ನೊಂದು ಅರ್ಜಿ ಇಲ್ಲೇ ಕೊಳಿಯಾಕತ್ತಾವು. ಅವರು ಎಷ್ಟು ಅರ್ಜಿ ಕೊಟ್ಟಿದ್ರು?"

"ಅರ್ಜಿ ಮಾತಲ್ರಿ. ಆ ಕಾರು ಒಂದ್ಸಲ ಕೆಳಗ ಬಡದ್ರ ಆರು ಲಕ್ಷ ಖರ್ಚಂತ. ನಿಮ್ಮೂರ ಆಟೊ ಬಡದ್ರ ಎಷ್ಟು?"

"ಎಂಟುನೂರು."

"ಮತ್ತ?" ಎಂದು ಅವರು ಬಹಳ ಶಾಂತವಾಗಿ ಹೇಳಿದರು. "ಅಷ್ಟು ಸಣ್ಣ ನಷ್ಟ ಇಟಗೊಂಡು ದೊಡ್ಡ ರಸ್ತೆ ಕೇಳಿದ್ರ ಹೆಂಗ್ರಿ?"

೩. ಮುಖ್ಯ ಅತಿಥಿ

ಕಾರು ಓಡುವ ಕಡೆಗೇ ರಸ್ತೆ ಬರುವುದಾದರೆ ಕಾರನ್ನೇ ಊರಿಗೆ ಕರೆಯಬೇಕು. ಧಿಕ್ಕಾರ ಕೂಗಿದ ಬಾಯಿಂದಲೇ ಸಾಹುಕಾರರನ್ನು ನಮ್ಮೂರ ವಾಚನಾಲಯದ ಉದ್ಘಾಟನೆಗೆ ಕರೆದೆ. ವಾಚನಾಲಯವೆಂದರೆ ನನ್ನ ಮನೆಯ ಒಂದು ಕಪಾಟು. "ಹೊಸ ಕಾರಿನಾಗ ಬರಬೇಕ್ರಿ, ಊರ ಮಂದಿ ಕಾಯಾಕತ್ತೇತಿ," ಎಂದೆ.

ಸಾಹುಕಾರರು ಹಿಗ್ಗಿದರು. "ಬರೋಣಂತ. ಆದ್ರ ಅತಿಥಿ ಗಾಡಿ ಖರ್ಚು ಕರದವ್ರದ, ಪದ್ಧತಿ ಐತಿ."

ಡ್ರೈವರ್ ಬೆರಳು ಮಡಚಿದ: "ಹೋಗಾಕ ಮೂರು ಲೀಟರ್, ಬರಾಕ ಮೂರು. ಭಾಷಣ ಮುಗಿಯೋತನಕ ಗಾಡಿ ತಣ್ಣಗಿರಬೇಕು, ಎಸಿ ಚಾಲೂ. ಅದಕ್ಕ ನಾಕು."

"ಭಾಷಣ ಸಣ್ಣದು ಮಾಡಿದ್ರ?"

ಅವನು ಯಜಮಾನರ ಕಡೆ ಒಮ್ಮೆ ನೋಡಿ, ನನ್ನ ಕಿವಿಯಲ್ಲಿ ಹೇಳಿದ: "ನಾಕು ಹೇಳಿದ್ದ ಕಡಿಮಿ ಆತ್ರಿ."

೪. ಹೋರಾಟದ ಖರ್ಚು

ಹತ್ತು ಲೀಟರಿಗಾಗಿ ಮನೆ ಮನೆ ತಿರುಗಿದೆ. ದುಡ್ಡು ಯಾರ ಕೈಯಲ್ಲೂ ಇರಲಿಲ್ಲ. ಬೈಕುಗಳಿಂದ ಪೆಟ್ರೋಲ್ ಇಳಿಸಿ, ನೀರಿನ ಬಾಟಲಿಗಳಲ್ಲಿ ಕಾಲು ಲೀಟರ್, ಅರ್ಧ ಲೀಟರ್ ತಂದುಕೊಟ್ಟರು. ಅಕ್ಕ ತನ್ನ ಆಟೊದಿಂದ ಒಂದು ಲೀಟರ್ ತೆಗೆದಳು, ಕೊಡುವ ಮುಂಚೆ ಬಾಟಲಿಯನ್ನು ಹಿಂದಕ್ಕೆ ಹಿಡಿದಳು.

"ಹೋದ ವರ್ಷ ಅವನ ವಿರುದ್ಧ ಹೋರಾಟಕ್ಕಂತ ಐವತ್ತು ರೂಪಾಯಿ ಇಸಗೊಂಡಿ. ಈ ವರ್ಷ ಅವನ ಕಾರಿಗೆ ಪೆಟ್ರೋಲ್ ಕೇಳತಿ. ಏನು ತಮ್ಮ ಇದು?"

"ಹೋರಾಟ ಅದ ಐತಕ್ಕ," ಎಂದೆ. "ಖರ್ಚು ಜಾಸ್ತಿ ಆಗೇತಿ."

೫. ಬಂದ ದಾರಿ

ಸಾಹುಕಾರರು ಒಪ್ಪಿದ ಸುದ್ದಿಯನ್ನು ಇಂಜಿನಿಯರರ ಕಚೇರಿಗೆ ಮುಟ್ಟಿಸಿದೆ. ನಾಲ್ಕನೇ ದಿನ ರೋಲರ್ ಬಂತು. ಹದಿನೈದು ದಿನದಲ್ಲಿ ನನ್ನ ಕಪಾಟಿನ ಬಾಗಿಲ ತನಕ ರಸ್ತೆಯಾಯಿತು. ಅಕ್ಕ ಈಗ ಬಸ್ಸಿಗಿಂತ ಮುಂಚೆ ಹೋಗಿ, ಮೊಗ್ಗಿನ ಬುಟ್ಟಿಗಳ ಪಕ್ಕ ಕೂತು ಚಹಾ ಕುಡಿಯುತ್ತಾಳೆ.

ಉದ್ಘಾಟನೆಯ ದಿನ ಸಾಹುಕಾರರು ಒಂದೂವರೆ ತಾಸು ಮಾತಾಡಿದರು. ಈ ರಸ್ತೆ ತಮ್ಮ ಕನಸಾಗಿತ್ತಂತೆ. ನಾನೇ ಹಾರ ಹಾಕಿದೆ. ಹಲ್ಲು ಕಚ್ಚಿದ ನೋವು ಎರಡು ದಿನ ಇತ್ತು.

ಸಭೆ ಮುಗಿದ ಮೇಲೆ, ನಮ್ಮೂರಿನಿಂದ ಐದು ಕಿಲೋಮೀಟರ್ ಆಚೆಯ ಹಳ್ಳಿಯ ಹಿರಿಯರೊಬ್ಬರು ಬಂದರು. ಆ ಊರಿಗೂ ದಾರಿ ನೆಟ್ಟಗಿಲ್ಲ. ಅರ್ಜಿ ಬರೆಸಲು ಬಂದಿರಬೇಕೆಂದು ಪೆನ್ನು ತೆಗೆದೆ.

"ಪೆನ್ನು ಒಳಗ ಇಡ್ರಿ," ಎಂದು ಅವರು ಚೀಲದಿಂದ ಐದು ಲೀಟರಿನ ಕ್ಯಾನು ತೆಗೆದು ನನ್ನ ಮುಂದಿಟ್ಟರು. "ಸಾಹುಕಾರ್ರು ಹಡಗಲಿಂದ ನಮ್ಮೂರಿಗೆ ಬರಾಕ ಇಷ್ಟು ಸಾಕಾಗತೈತಿ."

"ವಾಪಸ್ ಹೋಗಾಕ?"

"ಅಷ್ಟೊತ್ತಿಗೆ ನಮ್ಮ ರಸ್ತಾ ಆಗಿರತೈತಲ್ರಿ. ನಡಕೋತ ಹೋಗ್ಲಿ."